ಸುಳ್ಳು ಕೋವಿಯ ತೂಕ

ನಮ್ಮ ಮನೆಯಲ್ಲಿ ಈಗ ನೆಮ್ಮದಿಯಾಗಿ ಸಿನಿಮಾ ನೋಡುವುದು ಕಷ್ಟವಾಗಿದೆ. ಏಳನೇ ತರಗತಿಯಲ್ಲಿ ಓದುವ ಮಗ ಪಕ್ಕದಲ್ಲೇ ಕುಳಿತಿರುತ್ತಾನೆ. ನಾಯಕ ಸೊಂಟದಿಂದ ಪಿಸ್ತೂಲು ಎಳೆದನೋ ಇಲ್ಲವೋ, ಇವನು 'ಡುಪ್ಲಿಕೇಟ್' ಎಂದು ತೀರ್ಪು ಕೊಟ್ಟುಬಿಡುತ್ತಾನೆ. ಖಳನಾಯಕ ಗುಂಡು ತಗುಲಿ ಪ್ರಾಣ ಬಿಡುತ್ತಿರುವಾಗ 'ಅಬ್ಬಾ, ಆ ಪಿಸ್ತೂಲಿನ ಮೇಲ್ಭಾಗ ಹಿಂದಕ್ಕೆ ಹೋಗಲೇ ಇಲ್ಲ' ಎನ್ನುತ್ತಾನೆ. ಕಣ್ಣೀರು ಒರೆಸಿಕೊಳ್ಳಲು ಸೆರಗು ಎತ್ತಿದ್ದ ಅವನ ತಾಯಿ ಸೆರಗನ್ನು ಕೆಳಗೆ ಬಿಟ್ಟು ಎದ್ದು ಹೋಗುತ್ತಾಳೆ. ತಪ್ಪು ಹುಡುಗನದಲ್ಲ. ಈ ಚಾಳಿಯನ್ನು ಕಲಿಸಿದವರು ನಾವೇ. ನಮಗೆ ಕಲಿಸಿದವರು ನಮ್ಮ ಅಬ್ಬಾ.

'ನಾವು' ಎಂದು ಬರೆದದ್ದನ್ನು ಓದುಗರು ಗತ್ತು ಎಂದು ತಿಳಿಯಬಾರದು. ಏಳನೆಯವರೆಗೆ ಉರ್ದು ಶಾಲೆಯಲ್ಲಿ ಕಲಿತು, ಹೈಸ್ಕೂಲಿಗೆ ಕನ್ನಡ ಮಾಧ್ಯಮಕ್ಕೆ ಬಂದವರು ನಾವು. 'ಹಮ್' ಎಂದು ಪಳಗಿದ ನಾಲಿಗೆ 'ನಾನು' ಎನ್ನಲು ಇಂದಿಗೂ ತಡವರಿಸುತ್ತದೆ.

ಅಬ್ಬಾ ಬಡಗಿಯಾಗಿದ್ದರು. ಬಾಗಿಲು, ಕಿಟಕಿ, ತೊಟ್ಟಿಲು, ಗಾಡಿಯ ಮೂಕಿ, ಹೀಗೆ ಊರಿಗೆ ಬೇಕಾದದ್ದೆಲ್ಲ ಅವರ ಕೈಯಿಂದ ಆಗುತ್ತಿತ್ತು. ಜಾತ್ರೆ ಹತ್ತಿರ ಬಂದಾಗ ಮಾತ್ರ ಅವರಿಗೆ ಬೇರೆ ಕೆಲಸ. ಊರಿನ ಯುವಕರು ನಾಟಕ ಕಟ್ಟುತ್ತಿದ್ದರು. ಸಂಗೊಳ್ಳಿ ರಾಯಣ್ಣನ ಕತ್ತಿ, ಬ್ರಿಟಿಷ್ ಸಿಪಾಯಿಗಳ ಬಂದೂಕು, ಸಾಮಾಜಿಕ ನಾಟಕದ ಇನ್‌ಸ್ಪೆಕ್ಟರನ ಪಿಸ್ತೂಲು, ಎಲ್ಲವನ್ನೂ ಅಬ್ಬಾ ಮರದಲ್ಲಿ ಮಾಡಿಕೊಡುತ್ತಿದ್ದರು. ಕೂಲಿ ಎಂದು ಕೇಳುತ್ತಿರಲಿಲ್ಲ. ಮೊದಲ ಸಾಲಿನಲ್ಲಿ ಎರಡು ಕುರ್ಚಿ, ನಾಟಕ ಮುಗಿದ ಮೇಲೆ ಎರಡು ತೆಂಗಿನಕಾಯಿ. ಎರಡನೆಯ ಕುರ್ಚಿ ನಮ್ಮದು.

ಕೆಲಸ ಮಾಡುವಾಗ ಅಬ್ಬಾ ಮಾತು ಕಡಿಮೆ. ಆದರೆ ಪಿಸ್ತೂಲು ಕೆತ್ತುವಾಗ ಮಾತ್ರ ಒಂದೊಂದನ್ನೂ ಬಿಡಿಸಿ ಹೇಳುತ್ತಿದ್ದರು. ಮರಕ್ಕೆ ಕಪ್ಪು ಬಣ್ಣ ಬಳಿದರೆ ಅದು ಕಪ್ಪು ಮರವಾಗುತ್ತದೆಯೇ ಹೊರತು ಕಬ್ಬಿಣವಾಗುವುದಿಲ್ಲ. ಬಣ್ಣ ಒಣಗಿದ ಮೇಲೆ ಪೆನ್ಸಿಲಿನ ಸೀಸದ ಪುಡಿಯನ್ನು ಬಟ್ಟೆಯಲ್ಲಿ ಅದ್ದಿ ತಿಕ್ಕಬೇಕು. ಆಗ ಕಬ್ಬಿಣದ ತಣ್ಣನೆಯ ಹೊಳಪು ಬರುತ್ತದೆ. ಕೈ ಸೋಕುವ ಅಂಚುಗಳಲ್ಲಿ ಇನ್ನೂ ಸ್ವಲ್ಪ ಹೆಚ್ಚು ತಿಕ್ಕಬೇಕು, ಏಕೆಂದರೆ ನಿಜವಾದ ಆಯುಧ ಅಲ್ಲಿಯೇ ಸವೆದಿರುತ್ತದೆ. ನಳಿಗೆಯ ತುದಿಯನ್ನು ಬೈರಿಗೆಯಿಂದ ಒಂದೂವರೆ ಇಂಚಾದರೂ ಕೊರೆಯಬೇಕು, ಒಳಗೆ ದೀಪದ ಮಸಿ ತುಂಬಬೇಕು. ತುದಿ ಕುರುಡಾಗಿದ್ದರೆ ಮುಂದಿನ ಸಾಲಿನ ಮಕ್ಕಳೂ ನಗುತ್ತಾರೆ. ಕೊನೆಗೆ ಹಿಡಿಯನ್ನು ಒಳಗಿನಿಂದ ಟೊಳ್ಳು ಮಾಡಿ ಗಾಡಿಯ ಹಳೆಯ ನಟ್ಟುಗಳನ್ನು ಹಾಕಿ ಮುಚ್ಚುತ್ತಿದ್ದರು. ಪ್ರೇಕ್ಷಕರಿಗೆ ಕಾಣದ ಈ ಭಾರ ಯಾಕೆ ಎಂದು ನಾವು ಒಮ್ಮೆ ಕೇಳಿದ್ದೆವು. 'ಕೈಗೆ ಭಾರ ಗೊತ್ತಾಗದಿದ್ದರೆ ಮುಖಕ್ಕೂ ಗೊತ್ತಾಗುವುದಿಲ್ಲ' ಎಂದಿದ್ದರು. ಕತೆ ಬರೆಯಲು ತೊಡಗಿದ ಮೇಲೆ ಬರವಣಿಗೆಯ ಬಗ್ಗೆ ಬಹಳ ಜನರ ಬಹಳ ಮಾತುಗಳನ್ನು ಓದಿದ್ದೇವೆ. ಇದಕ್ಕಿಂತ ದೊಡ್ಡದು ಸಿಕ್ಕಿಲ್ಲ.

ಶಬ್ದದ ಹೊಣೆ ಮಾತ್ರ ಅಬ್ಬಾನದಲ್ಲ. ಪರದೆಯ ಹಿಂದೆ ಒಬ್ಬ ಪಟಾಕಿ ಹಿಡಿದು ನಿಂತಿರುತ್ತಿದ್ದ. ಒಂದು ವರ್ಷ ಮಂಜಿಗೆ ಬತ್ತಿ ಒದ್ದೆಯಾಗಿತ್ತು. ಇನ್‌ಸ್ಪೆಕ್ಟರ್ ಗುರಿ ಇಟ್ಟ, ಸಾಹುಕಾರ ಎದೆ ಹಿಡಿದುಕೊಂಡು ಬಿದ್ದ, ಅವನ ಹೆಂಡತಿ ಬಂದು ಹೆಣದ ಮೇಲೆ ಅತ್ತಳು. ಆಮೇಲೆ 'ಢಂ' ಎಂದಿತು. ಸತ್ತಿದ್ದ ಸಾಹುಕಾರ ಬೆಚ್ಚಿ ಎದ್ದು ಕುಳಿತ. ಅಬ್ಬಾ ಆ ರಾತ್ರಿ ಮನೆಯವರೆಗೂ ನಗುತ್ತಲೇ ಬಂದರು.

ಸಿನಿಮಾದ ಕೋವಿಗಳನ್ನು ನಾವು ಅಬ್ಬಾನ ಕಣ್ಣಿನಿಂದಲೇ ನೋಡಲು ಕಲಿತೆವು. ಮೊದಲು ನಳಿಗೆಯ ತುದಿ ನೋಡಬೇಕು. ಅಗ್ಗದ ಆಟಿಕೆಯಾದರೆ ಅದು ಮುಚ್ಚಿರುತ್ತದೆ. ಇಂದಿನ 'ಏರ್‌ಸಾಫ್ಟ್' ಎಂಬ ಗಾಳಿಯ ಆಟಿಕೆಗಳು ಹೊರಗಿನಿಂದ ಅಸಲಿಯಂತೆಯೇ ಇರುತ್ತವೆ. ಆದರೆ ಅವು ಉಗುಳುವುದು 6 ಮಿಲಿಮೀಟರಿನ ಪ್ಲಾಸ್ಟಿಕ್ ಮಣಿಯನ್ನು. ಆದ್ದರಿಂದ ಕ್ಯಾಮೆರಾ ಹತ್ತಿರ ಹೋದಾಗ ದೊಡ್ಡ ಪೈಪಿನೊಳಗೆ ಇನ್ನೊಂದು ಸಣ್ಣ ಪೈಪು ಕಾಣುತ್ತದೆ. ಎರಡು ಅಚ್ಚುಗಳು ಕೂಡಿದ ಗೆರೆ ಹಿಡಿಯ ಮೇಲೆ ಉಳಿದಿರುತ್ತದೆ. ರಿವಾಲ್ವರಾದರೆ ಎದುರಿನಿಂದ ನೋಡಿದಾಗ ತಿರುಗುವ ಗುಂಡಿಯ ಕೋಣೆಗಳಲ್ಲಿ ಗುಂಡಿನ ಮೂತಿ ಕಾಣಬೇಕು. ಅನೇಕ ಸಲ ಅಲ್ಲಿ ಬರೀ ಕತ್ತಲೆ. ಹಾರಿಸಿದಾಗ ಪಿಸ್ತೂಲಿನ ಮೇಲ್ಭಾಗ ಹಿಂದಕ್ಕೆ ಸರಿದು ಖಾಲಿ ತೋಟೆ ಪಕ್ಕಕ್ಕೆ ಹಾರಬೇಕು. ಬೆಂಕಿ ಬಂದು ತೋಟೆ ಹಾರದಿದ್ದರೆ ಆ ಬೆಂಕಿಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಹಚ್ಚಿದ್ದಾರೆ ಎಂದು ತಿಳಿಯಬೇಕು. ರಿವಾಲ್ವರಿಗೆ ಸೈಲೆನ್ಸರ್ ಸಿಕ್ಕಿಸಿದ್ದರೆ ನಗಬೇಕು. ಬಹುತೇಕ ರಿವಾಲ್ವರುಗಳಲ್ಲಿ ಗುಂಡಿಗೂ ನಳಿಗೆಗೂ ನಡುವೆ ಸಂದು ಇರುತ್ತದೆ, ಸದ್ದು ಅಲ್ಲಿಂದಲೇ ಹೊರಬರುತ್ತದೆ.

ಎಲ್ಲಕ್ಕಿಂತ ದೊಡ್ಡ ಗುರುತು ತೂಕ. ನಿಜವಾದ ಪಿಸ್ತೂಲು ಹಿಡಿದವನ ಮಣಿಕಟ್ಟು ಸ್ವಲ್ಪ ಬಾಗುತ್ತದೆ. ರಬ್ಬರಿನದನ್ನು ಹಿಡಿದವನು ಬೀಸಣಿಗೆಯಂತೆ ಬೀಸುತ್ತಾನೆ. ಓಡುವ, ಬೀಳುವ, ಹೊಡೆದಾಡುವ ದೃಶ್ಯಗಳಿಗೆ ರಬ್ಬರಿನ ಕೋವಿಯನ್ನೇ ಕೊಡುತ್ತಾರೆ. ಅದು ಸರಿಯಾದ ಕ್ರಮವೂ ಹೌದು, ಹಲ್ಲು ಮುರಿಯಬಾರದಲ್ಲ.

ಈ ಆಟದಲ್ಲಿ ದೊಡ್ಡವರೂ ಸಿಕ್ಕಿಬಿದ್ದಿದ್ದಾರೆ. 1963ರ 'ಫ್ರಮ್ ರಷ್ಯಾ ವಿತ್ ಲವ್' ಚಿತ್ರದ ಪ್ರಚಾರಕ್ಕಾಗಿ ಜೇಮ್ಸ್ ಬಾಂಡ್ ಪಾತ್ರದ ಶಾನ್ ಕಾನರಿಯ ಫೋಟೋ ತೆಗೆಯುವ ದಿನ ಬಾಂಡನ ಪಿಸ್ತೂಲು ತರಲು ಮರೆತಿದ್ದರು. ಫೋಟೋಗ್ರಾಫರ್ ಡೇವಿಡ್ ಹರ್ನ್ ತನ್ನ ಬಳಿ ಇದ್ದ ವಾಲ್ಥರ್ ಕಂಪನಿಯ ಗಾಳಿ ಪಿಸ್ತೂಲನ್ನೇ ಕೈಗೆ ಕೊಟ್ಟ. ಗುರಿ ಅಭ್ಯಾಸಕ್ಕೆ ಬಳಸುವ ಉದ್ದ ಮೂತಿಯ ಆ ಪಿಸ್ತೂಲೇ ಜಗತ್ತಿನ ಗೋಡೆಗಳ ಮೇಲೆಲ್ಲ ರಾರಾಜಿಸಿತು. ಬೇಹುಗಾರರ ರಾಜನ ಕೈಯಲ್ಲಿ ಗಾಳಿ ಕೋವಿ! 2010ರಲ್ಲಿ ಲಂಡನ್ನಿನ ಹರಾಜಿನಲ್ಲಿ ಅದು ಎರಡೂವರೆ ಲಕ್ಷ ಪೌಂಡುಗಳಿಗೂ ಮೀರಿ ಮಾರಾಟವಾಯಿತು. ಸುಳ್ಳಿನ ಬೆಲೆ ಅಸಲಿಗೆ ಎಲ್ಲಿ ಬರಬೇಕು!

ಗುಂಡುಗಳ ಲೆಕ್ಕ ಇಡುವುದು ಇನ್ನೊಂದು ಪರೀಕ್ಷೆ. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾದ 1975ರ 'ಶೋಲೆ'ಯಲ್ಲಿ ಗಬ್ಬರ್ ಸಿಂಗ್ ಸೋತು ಬಂದ ತನ್ನ ಮೂವರನ್ನು ನಿಲ್ಲಿಸಿಕೊಳ್ಳುವ ದೃಶ್ಯ ನಿಂತಿರುವುದೇ ಲೆಕ್ಕದ ಮೇಲೆ. ರಿವಾಲ್ವರಿನಲ್ಲಿ ಆರು ಗುಂಡು, ಎದುರಿಗೆ ಮೂರು ಜನ. ಮೂರು ಗುಂಡನ್ನು ಗಾಳಿಗೆ ಹಾರಿಸಿ ಲೆಕ್ಕ ಸರಿಮಾಡುತ್ತಾನೆ. ಕೊಲೆಗಡುಕನಾದರೂ ಗಣಿತದಲ್ಲಿ ಪ್ರಾಮಾಣಿಕ. ನಮ್ಮ ಎಷ್ಟೋ ನಾಯಕರು ಒಂದೇ ರಿವಾಲ್ವರಿನಿಂದ ಹದಿನೆಂಟು ಜನರನ್ನು ಮಲಗಿಸಿ ಒಂಬತ್ತು ಗುಂಡು ಉಳಿಸಿಕೊಂಡಿರುತ್ತಾರೆ.

ನಗುವ ಮೊದಲು ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ವರ್ಷಗಳ ಹಿಂದೆ ನಾವು ಕೊಡಗಿನಲ್ಲಿ ನಡೆಯುವ ಒಂದು ಕತೆ ಬರೆದೆವು. ನಾಯಕ ಜೋಡುನಳಿಗೆ ಕೋವಿಯಿಂದ ಹಂದಿಯ ಮೇಲೆ ಒಂದರ ಹಿಂದೊಂದು ಗುಂಡು ಹಾರಿಸುತ್ತಾನೆ. ಕತೆ ಪ್ರಕಟವಾದ ವಾರದಲ್ಲೇ ಕೊಡಗಿನಿಂದ ಒಬ್ಬ ಹಿರಿಯರ ಕಾರ್ಡು ಬಂತು. 'ಕತೆ ಚೆನ್ನಾಗಿದೆ. ಮೂರನೆಯ ಗುಂಡು ಎಲ್ಲಿಂದ ಬಂತು?' ಎಂದಷ್ಟೇ ಇತ್ತು. ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ಹೂ ಮುಡಿಸಿ ಪೂಜೆ ಮಾಡುವ ನಾಡಿಗೆ ನಾವು ಎರಡು ನಳಿಗೆಯಿಂದ ಮೂರು ಗುಂಡು ಹಾರಿಸಿ ತೋರಿಸಿದ್ದೆವು. ಕೋವಿಯನ್ನು ಒಮ್ಮೆಯೂ ಮುಟ್ಟದೆ ಕೋವಿಯ ಬಗ್ಗೆ ಬರೆದರೆ ಹೀಗೇ ಆಗುತ್ತದೆ. ಅಬ್ಬಾ ಓದಿದ್ದರೆ ನಟ್ಟು ಹಾಕಲು ಮರೆತಿದ್ದೀ ಎನ್ನುತ್ತಿದ್ದರೇನೋ.

ಆದರೆ ಈ ಆಟಕ್ಕೆ ಇನ್ನೊಂದು ಮುಖವಿದೆ. ಅದು ನಮಗೆ ಮೊದಲು ಕಂಡದ್ದು ಮೈಸೂರಿನ ಸುದ್ದಿಯಿಂದ. 1989ರ ಫೆಬ್ರುವರಿ 8ರಂದು ಅಲ್ಲಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಸೆಟ್ಟಿಗೆ ಬೆಂಕಿ ಬಿತ್ತು. 62 ಮಂದಿ ಸತ್ತರು. ಟಿಪ್ಪುವಿನ ಪಾತ್ರ ಮಾಡುತ್ತಿದ್ದ ಸಂಜಯ್ ಖಾನ್ ಮೈಯೆಲ್ಲ ಸುಟ್ಟು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಮರುವರ್ಷ ಧಾರಾವಾಹಿ ದೂರದರ್ಶನದಲ್ಲಿ ಬಂದಾಗ ಓಣಿಯ ಮಕ್ಕಳೆಲ್ಲ ಟಿ.ವಿ. ಇದ್ದ ಒಂದೇ ಮನೆಯಲ್ಲಿ ಸೇರುತ್ತಿದ್ದೆವು. ನಾವು ಚಕಮಕಿ ಬಂದೂಕುಗಳನ್ನು ಪರೀಕ್ಷಿಸುತ್ತಿದ್ದೆವು. ಸಿಪಾಯಿ ಮದ್ದು ತುಂಬದೆಯೇ ಎರಡನೆಯ ಸಲ ಹಾರಿಸಿದನಲ್ಲ ಎಂದು ಅಬ್ಬಾನ ಕಿವಿಯಲ್ಲಿ ಹೇಳಿದೆವು. ಅಬ್ಬಾ ಆ ದಿನ ನಗಲಿಲ್ಲ. 'ಆ ಸೆಟ್ಟಿನಲ್ಲೂ ನನ್ನಂಥ ಬಡಗಿಗಳು ಇದ್ದರು, ಸುಮ್ಮನೆ ನೋಡು' ಎಂದರು. ಸುಳ್ಳು ಅರಮನೆ ಕಟ್ಟಿದವರನ್ನು ನಿಜವಾದ ಬೆಂಕಿ ಸುಡುತ್ತದೆ ಎಂಬುದು ಹತ್ತು ವರ್ಷದ ತಲೆಗೆ ಆಗ ಇಳಿಯಲಿಲ್ಲ.

ಆಮೇಲೆ ಓದುತ್ತಾ ಹೋದಂತೆ ಇಳಿಯಿತು. ಸಿನಿಮಾದಲ್ಲಿ ಮೂರು ಬಗೆಯ ತೋಟೆಗಳಿವೆ. ಒಂದು 'ಬ್ಲಾಂಕ್': ಮದ್ದು ಇದೆ, ಗುಂಡು ಇಲ್ಲ, ಬೆಂಕಿ ಮತ್ತು ಸದ್ದು ಬರುತ್ತದೆ. ಇನ್ನೊಂದು 'ಡಮ್ಮಿ': ಗುಂಡು ಇದೆ, ಮದ್ದು ಇಲ್ಲ, ಕ್ಯಾಮೆರಾ ಹತ್ತಿರ ಬಂದಾಗ ತೋರಿಸಲು ಮಾತ್ರ. ಮೂರನೆಯದು ಜೀವಂತ ಗುಂಡು. ಅದು ಸೆಟ್ಟಿನ ಹತ್ತಿರವೂ ಸುಳಿಯಬಾರದು. ಡಮ್ಮಿಯೂ ಜೀವಂತ ಗುಂಡೂ ನೋಡಲು ಅವಳಿ ಮಕ್ಕಳಂತೆ. ಆದ್ದರಿಂದ ಅನೇಕ ಡಮ್ಮಿಗಳೊಳಗೆ ಸಣ್ಣ ಉಕ್ಕಿನ ಮಣಿ ಹಾಕಿರುತ್ತಾರೆ. ಕಿವಿಯ ಬಳಿ ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದು ಬರಬೇಕು. ಒಬ್ಬ ಮನುಷ್ಯನ ಪ್ರಾಣ ಆ ಗಿಲಕಿಯ ಮೇಲೆ ನಿಂತಿರುತ್ತದೆ.

1984ರ ಅಕ್ಟೋಬರಿನಲ್ಲಿ ಅಮೆರಿಕದ ಟಿ.ವಿ. ನಟ ಜಾನ್ ಎರಿಕ್ ಹೆಕ್ಸಮ್ ಚಿತ್ರೀಕರಣ ತಡವಾದ ಬೇಸರದಲ್ಲಿ, ಬ್ಲಾಂಕ್ ತುಂಬಿದ್ದ ರಿವಾಲ್ವರನ್ನು ತಮಾಷೆಗೆ ಕಣತಲೆಗೆ ಇಟ್ಟು ಕುದುರೆ ಎಳೆದ. ಗುಂಡು ಇರಲಿಲ್ಲ. ಆದರೆ ಅಷ್ಟು ಹತ್ತಿರದಿಂದ ಬಂದ ಸ್ಫೋಟದ ಹೊಡೆತಕ್ಕೇ ತಲೆಬುರುಡೆ ಒಡೆಯಿತು. ಅವನಿಗೆ 26 ವರ್ಷ. 1993ರ ಮಾರ್ಚ್ 31ರಂದು ಬ್ರೂಸ್ ಲೀಯ ಮಗ ಬ್ರ್ಯಾಂಡನ್ ಲೀ 'ದಿ ಕ್ರೋ' ಚಿತ್ರದ ಸೆಟ್ಟಿನಲ್ಲಿ ಗುಂಡು ತಗುಲಿ ಸತ್ತ. ಅವನಿಗೆ 28. ಅಸಲಿ ತೋಟೆಯಿಂದ ಮದ್ದು ತೆಗೆದು ಡಮ್ಮಿ ಮಾಡಿದ್ದರು, ಆದರೆ ಬುಡದ ಕಿಡಿಮದ್ದನ್ನು ಹಾಗೆಯೇ ಬಿಟ್ಟಿದ್ದರು. ಅದರ ಸಣ್ಣ ನೂಕಿಗೆ ಗುಂಡು ನಳಿಗೆಯ ನಡುವೆ ಬಂದು ಸಿಕ್ಕಿಕೊಂಡಿತು. ಯಾರೂ ನಳಿಗೆಯೊಳಗೆ ನೋಡಲಿಲ್ಲ. ಮುಂದೆ ಅದೇ ರಿವಾಲ್ವರಿಗೆ ಬ್ಲಾಂಕ್ ತುಂಬಿ ಹಾರಿಸಿದಾಗ ಎರಡೂ ಸೇರಿ ಒಂದು ಪೂರ್ಣ ಗುಂಡಾಯಿತು. ಅರ್ಧ ಸುಳ್ಳು, ಇನ್ನರ್ಧ ಸುಳ್ಳು, ಎರಡೂ ಕೂಡಿ ಒಂದು ನಿಜ.

2021ರ ಅಕ್ಟೋಬರ್ 21ರಂದು ನ್ಯೂ ಮೆಕ್ಸಿಕೋದಲ್ಲಿ 'ರಸ್ಟ್' ಚಿತ್ರದ ತಾಲೀಮಿನ ವೇಳೆ 'ಕೋಲ್ಡ್ ಗನ್', ಅಂದರೆ ಅಪಾಯವಿಲ್ಲದ ಕೋವಿ, ಎಂದು ಹೇಳಿ ನಟ ಅಲೆಕ್ ಬಾಲ್ಡ್ವಿನ್ ಕೈಗೆ ಕೊಟ್ಟ ರಿವಾಲ್ವರಿನಲ್ಲಿ ಜೀವಂತ ಗುಂಡಿತ್ತು. ಕ್ಯಾಮೆರಾ ಹಿಂದಿದ್ದ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತಳು, ನಿರ್ದೇಶಕನಿಗೂ ಗಾಯವಾಯಿತು. ಡಮ್ಮಿಗಳ ನಡುವೆ ಜೀವಂತ ಗುಂಡುಗಳು ಬೆರೆತಿದ್ದವು. ಆಯುಧಗಳ ಉಸ್ತುವಾರಿ ಹೊತ್ತಿದ್ದ ಯುವತಿಗೆ 2024ರಲ್ಲಿ 18 ತಿಂಗಳ ಸಜೆಯಾಯಿತು. ಬಾಲ್ಡ್ವಿನ್ ಮೇಲಿನ ಮೊಕದ್ದಮೆಯನ್ನು ಅದೇ ವರ್ಷ ನ್ಯಾಯಾಲಯ ವಜಾ ಮಾಡಿತು. ಆ ಸಾವಿನ ಮರುದಿನಗಳಲ್ಲೇ 'ದಿ ರೂಕಿ' ಎಂಬ ಪೊಲೀಸ್ ಧಾರಾವಾಹಿಯವರು, ಇನ್ನು ಮುಂದೆ ಗಾಳಿ ಕೋವಿ ಮಾತ್ರ, ಬೆಂಕಿಯನ್ನು ಕಂಪ್ಯೂಟರಿನಲ್ಲೇ ಹಚ್ಚುತ್ತೇವೆ ಎಂದು ತೀರ್ಮಾನಿಸಿದರು.

ಹಾಗಾಗಿ ಈಗ ಮಗ 'ಡುಪ್ಲಿಕೇಟ್' ಎಂದಾಗ ನಾವು 'ಒಳ್ಳೆಯದಾಯಿತು' ಎನ್ನುತ್ತೇವೆ. ಪೈಪಿನೊಳಗೆ ಸಣ್ಣ ಪೈಪು ಕಂಡರೆ ಅಂದು ಸಂಜೆ ಎಲ್ಲರೂ ಮನೆಗೆ ಹೋಗಿದ್ದಾರೆ ಎಂದು ಅರ್ಥ.

ಇಷ್ಟಕ್ಕೇ ಮುಗಿದಿದ್ದರೆ ಈ ಬರಹ ಬರೆಯುತ್ತಿರಲಿಲ್ಲ. ಮೊನ್ನೆ ಮಗನ ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ ಅವನಿಗೆ ಪೊಲೀಸ್ ಇನ್‌ಸ್ಪೆಕ್ಟರನ ಪಾತ್ರ ಸಿಕ್ಕಿತು. ಬೇಕಾದ ಸಾಮಾನುಗಳನ್ನು ಮಕ್ಕಳೇ ಮನೆಯಿಂದ ತರಬೇಕು. ಅವನು ಸೀದಾ ಅಟ್ಟ ಹತ್ತಿ ಅಬ್ಬಾನ ಸಂದೂಕದಿಂದ ಆ ಹಳೆಯ ಪಿಸ್ತೂಲನ್ನು ಇಳಿಸಿದ. ಬಟ್ಟೆಯಲ್ಲಿ ಸುತ್ತಿಟ್ಟಿದ್ದರಿಂದ ಹೊಳಪು ಮಾಸಿರಲಿಲ್ಲ. ಮೇಜಿನ ಮೇಲೆ ಇಟ್ಟಾಗ 'ಠಕ್' ಎಂದಿತು. ಅಬ್ಬಾನ ನಟ್ಟುಗಳು.

ನಮ್ಮಾಕೆ ಅಡುಗೆಮನೆಯಿಂದ ಬಂದು ನೋಡಿದಳು. ಬಹಳ ಹೊತ್ತು ನೋಡಿದಳು. 'ಇದನ್ನು ಚೀಲದಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಹೋಗುತ್ತಾನಾ?' ಎಂದಳು.

'ಬೇರೆ ಮಕ್ಕಳೂ ತರುತ್ತಾರಲ್ಲ' ಎಂದೆವು.

'ಬೇರೆ ಮಕ್ಕಳು ತರಲಿ' ಎಂದು ಹೇಳಿ ಅವಳು ಈರುಳ್ಳಿ ಹೆಚ್ಚಲು ಹೋದಳು.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಹಿಂದೆ ಓದಿದ್ದ ಒಂದು ಸುದ್ದಿ ನೆನಪಾಗುತ್ತಲೇ ಇತ್ತು. 2014ರ ನವೆಂಬರ್ 22ರಂದು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಉದ್ಯಾನವೊಂದರಲ್ಲಿ ತಮೀರ್ ರೈಸ್ ಎಂಬ ಕಪ್ಪು ಹುಡುಗ ಏರ್‌ಸಾಫ್ಟ್ ಪಿಸ್ತೂಲು ಹಿಡಿದು ಆಡುತ್ತಿದ್ದ. ಅವನಿಗೆ 12 ವರ್ಷ. ಆಟಿಕೆ ಕೋವಿಗಳ ತುದಿಗೆ ಕಿತ್ತಳೆ ಬಣ್ಣ ಇರಬೇಕೆಂದು ಅಮೆರಿಕದಲ್ಲಿ 1988ರಿಂದ ಕಾನೂನಿದೆ. ಈ ಪಿಸ್ತೂಲಿನಲ್ಲಿ ಆ ತುದಿ ಉಳಿದಿರಲಿಲ್ಲ. ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಫೋನ್ ಮಾಡಿದವನು ಆ ಪಿಸ್ತೂಲು ಬಹುಶಃ ನಕಲಿ, ಹಿಡಿದವನು ಬಹುಶಃ ಹುಡುಗ ಎಂದು ಹೇಳಿದ್ದ. ಅವನು ಸರಿಯಾಗಿಯೇ ಗುರುತಿಸಿದ್ದ. ಆದರೆ ಆ ಮಾತು ಗಾಡಿಯಲ್ಲಿ ಹೊರಟಿದ್ದ ಪೊಲೀಸರನ್ನು ತಲುಪಲಿಲ್ಲ. ಗಾಡಿ ಬಂದು ನಿಂತ ಎರಡು ಸೆಕೆಂಡುಗಳೊಳಗೆ ಗುಂಡು ಹಾರಿತು. ಮರುದಿನ ಹುಡುಗ ಸತ್ತ.

ಆ ಕಾನೂನಿನಲ್ಲಿ ಒಂದು ವಿನಾಯಿತಿಗೂ ಅವಕಾಶವಿದೆ: ಸಿನಿಮಾ, ಟಿ.ವಿ., ರಂಗಭೂಮಿಯಲ್ಲಿ ಬಳಸುವ ಕೋವಿಗಳಿಗೆ ಕಿತ್ತಳೆ ತುದಿ ಬೇಡವೆನ್ನಬಹುದು. ನ್ಯಾಯವೇ. ರಂಗದ ಮೇಲೆ ಎಲ್ಲರಿಗೂ ಅದು ಸುಳ್ಳೆಂದು ಗೊತ್ತು. ಆದರೆ ಮನೆಯಿಂದ ರಂಗದವರೆಗೆ ಒಂದು ಬಸ್ಸು ಇದೆ. ಬಸ್ಸಿನಲ್ಲಿ ಕುಳಿತವರು ಟಿಕೆಟ್ ಕೊಂಡಿದ್ದು ನಾಟಕಕ್ಕಲ್ಲ. ಕ್ಲೀವ್‌ಲ್ಯಾಂಡ್ ಬಹಳ ದೂರ, ನಮ್ಮೂರು ಅದಲ್ಲ ಎಂದು ನಮಗೆ ನಾವೇ ಹೇಳಿಕೊಂಡೆವು. ಈ ಊರಿನಲ್ಲಿ ನಮ್ಮ ಅಬ್ಬಾ ಮಾಡಿದ ಬಂದೂಕು ಹಿಡಿದು ಎಷ್ಟು ಜನ ರಾಯಣ್ಣರಾಗಿಲ್ಲ! ಆದರೂ ನಮ್ಮಾಕೆ ಅರ್ಧಕ್ಕೆ ಬಿಟ್ಟ ಮಾತನ್ನು ಪೂರ್ತಿ ಮಾಡುವ ಧೈರ್ಯ ನಮಗೆ ಬರಲಿಲ್ಲ. ನಮ್ಮ ಮಗನಿಗೂ 12.

ಮರುದಿನ ಬಾಗಿಲಿಗೆ ಬಳಿದು ಉಳಿದಿದ್ದ ಕಿತ್ತಳೆ ಬಣ್ಣದ ಡಬ್ಬಿ ತೆಗೆದೆವು. ಹಿಡಿಯ ತಿರುಪು ಬಿಚ್ಚಿ ನಟ್ಟುಗಳನ್ನು ಹೊರಗೆ ಸುರಿದೆವು. ಯಾರಾದರೂ ಕೈಯಲ್ಲಿ ಎತ್ತಿದ ಕೂಡಲೇ ಮರವೆಂದು ಗೊತ್ತಾಗಬೇಕು. ಅಬ್ಬಾ ಕಣ್ಣಿಗೆ ಕಾಣದಂತೆ ಹಾಕಿದ್ದ ಭಾರವನ್ನು ನಾವು ತೆಗೆದೆವು. ಅವರು ಮಸಿ ತುಂಬಿದ್ದ ತುದಿಗೆ ದೂರದಿಂದಲೂ ಕಾಣುವಂತೆ ಬಣ್ಣ ಹಚ್ಚಿದೆವು. ಅಬ್ಬಾ ಜೀವಮಾನವೆಲ್ಲ ಸುಳ್ಳು ಕೋವಿ ಅಸಲಿಯಂತೆ ಕಾಣಲಿ ಎಂದು ದುಡಿದರು. ಅವರ ಮಗ ಅದು ಸುಳ್ಳೆಂದು ಕಾಣಲಿ ಎಂದು ದುಡಿದ.

ಹುಡುಗ ಬಂದು ನೋಡಿ ಮುಖ ಸಣ್ಣ ಮಾಡಿದ. 'ದಾದಾ ಇದ್ದಿದ್ದರೆ ಬೈಯುತ್ತಿದ್ದರು' ಎಂದ. 'ನನ್ನದಕ್ಕೆ ಮಾತ್ರ ಯಾಕೆ ಕಿತ್ತಳೆ?' ಎಂದೂ ಕೇಳಿದ. ಪೊಲೀಸ್ ಇನ್‌ಸ್ಪೆಕ್ಟರ್ ಕೈಯಲ್ಲಿ ಬಣ್ಣ ಇದ್ದರೆ ಚೆನ್ನಾಗಿ ಕಾಣುತ್ತದೆ ಎಂದು ಏನೋ ಹೇಳಿದೆವು. ಕತೆಗಾರರ ಬಾಯಿಂದ ಅಷ್ಟು ಕೆಟ್ಟ ಕತೆ ಹೊರಟಿದ್ದು ಅದೇ ಮೊದಲು.

ಅವನು ವಾದ ಮಾಡಲಿಲ್ಲ. ಅಡುಗೆಮನೆಯಿಂದ ಅರ್ಧ ಕೆ.ಜಿ.ಯ ತೂಕದ ಬಟ್ಟನ್ನು ತೆಗೆದುಕೊಂಡು ಹೋದ. ಒಂದು ವಾರ ಕನ್ನಡಿಯ ಮುಂದೆ ಅದನ್ನು ಕೈಯಲ್ಲಿ ಹಿಡಿದು ಎತ್ತಿ ಇಳಿಸಿ ಮಾಡಿದ. ಏನು ಮಾಡುತ್ತಿದ್ದೀಯಾ ಎಂದರೆ 'ಕೈಗೆ ನೆನಪಿರಬೇಕಲ್ಲ' ಎಂದ.

ನಾಟಕದ ಸಂಜೆ ನಾವಿಬ್ಬರೂ ಮೂರನೆಯ ಸಾಲಿನಲ್ಲಿ ಕುಳಿತಿದ್ದೆವು. ಇನ್‌ಸ್ಪೆಕ್ಟರ್ ಬಂದ. ಕೈಯಲ್ಲಿದ್ದ ಪಿಸ್ತೂಲಿನ ತುದಿ ಕಪ್ಪಗಿತ್ತು. ನಾವು ಬೆಚ್ಚಿದೆವು. ಆಮೇಲೆ ಗೊತ್ತಾಯಿತು, ಕಪ್ಪು ಕಾಗದದ ಟೋಪಿಯೊಂದನ್ನು ಮಾಡಿ ತುದಿಗೆ ತೊಡಿಸಿದ್ದ. ಖಾಲಿ ಮರವನ್ನು ಎತ್ತಿದಾಗ ಅವನ ಮಣಿಕಟ್ಟು ಸ್ವಲ್ಪ ಬಾಗಿತು. ಮುಖಕ್ಕೂ ಅದು ಗೊತ್ತಾಯಿತು. ನಮ್ಮಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಈ ಸಲ ಯಾರೂ ಅವಳನ್ನು ತಡೆಯಲಿಲ್ಲ.

ಮನೆಗೆ ಮರಳಲು ಬಸ್‌ಸ್ಟ್ಯಾಂಡಿಗೆ ಬಂದೆವು. ಚೀಲದ ಕಡೆ ನಮ್ಮ ಕಣ್ಣು ಹೋಯಿತು. ನಾವು ಬಾಯಿ ತೆರೆಯುವ ಮೊದಲೇ ಅವನು ಮೆಲ್ಲಗೆ ಹೇಳಿದ: 'ಕಾಗದ ತೆಗೆದಿದ್ದೇನೆ ಅಬ್ಬಾ.'

ತಮೀರನ ಹೆಸರನ್ನು ನಾವು ಅವನಿಗೆ ಎಂದೂ ಹೇಳಿರಲಿಲ್ಲ. ಯಾರು ಹೇಳಿಕೊಟ್ಟರು ಎಂದು ಕೇಳಲೂ ಇಲ್ಲ. ಬಸ್ಸು ಬಂತು, ಹತ್ತಿದೆವು.